ಇಸಿಜಿ ಚೀಟಿ ಸಾಕಾಗಲ್ಲ, ತಾಲೂಕು ದವಾಖಾನೆಯಲ್ಲೇ ಎಕೋ ಬೇಕು



ಬರಹ ಉದ್ದ ಐತಿ, ಆದ್ರೂ ಪೂರ್ತಿ ಓದ್ರಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕು ತಾಲೂಕಿನ ಯಾವ ಕೇರಿಗೆ ಹೋದರೂ ಒಂದು ಮಾತು ಕಿವಿಗೆ ಬೀಳತೈತಿ: "ದಮ್ಮು ಹತ್ತತೈತಿ ಯಪ್ಪಾ, ಕಾಲು ಬಾತಾವು. ಅಡ್ಡಾದ್ರ ಉಸುರು ಕಟ್ಟತೈತಿ, ಗ್ವಾಡಿಗೆ ಒರಗಿ ಕುಂತ ನಿದ್ದಿ ಮಾಡತೀನಿ." ಹೇಳೋರು ಬಹುಪಾಲು ಐವತ್ತು ದಾಟಿದ ಹೆಣ್ಮಕ್ಕಳು. ಕಬ್ಬು ಕಡಿದವರು, ಮಗ್ಗದ ಮನೆಯಲ್ಲಿ ಕಂಡಿಕಿ ಸುತ್ತಿದವರು. ಅವರಿಗೆ ಮೊದಲೇ ಶುಗರ್, ಬಿಪಿ, ರಕ್ತ ಕಡಿಮೆ. ಅದಕ್ಕೇ ಪ್ರತಿಯೊಂದಕ್ಕೂ ಒಂದು ಉತ್ತರ ತಯಾರಿರತೈತಿ. ದಮ್ಮಿಗೆ ಧೂಳು ಕಾರಣ, ಬಾವಿಗೆ ಕಿಡ್ನಿ ಕಾರಣ, ಸುಸ್ತಿಗೆ ವಯಸ್ಸು ಕಾರಣ. ಹೃದಯದ ಕಡೆ ನೋಡೋರು ಯಾರು?

ಹೃದಯ ವೈಫಲ್ಯ ಅಂದ್ರೆ ಹಾರ್ಟ್ ಅಟ್ಯಾಕ್ ಅಲ್ಲ. ಮೈಗೆ ಬೇಕಾದಷ್ಟು ರಕ್ತ ನೂಕಲು ಆಗದೆ ಹೃದಯ ನಿಧಾನಕ್ಕೆ ಸೋಲುವುದು. ಎದೆಗುಂಡಿಯಲ್ಲಿ ನೋವು ಬರದೇ ಇರಬಹುದು. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಒಳ್ಳೇದು, ಅಟ್ಯಾಕ್ ಆದವರಿಗೆ ತಾಲೂಕಿನಲ್ಲೇ ಇಸಿಜಿ ತೆಗೆದು ರಕ್ತ ಕರಗಿಸುವ ಇಂಜೆಕ್ಷನ್ ಕೊಡತೈತಿ. ಆದರೆ ನಿಧಾನಕ್ಕೆ ಸೋಲುವ ಹೃದಯದ ಲೆಕ್ಕ ಇಸಿಜಿಯಿಂದ ಪೂರ್ತಿ ಸಿಗಲ್ಲ. ಅದಕ್ಕೆ ಎಕೋ ಬೇಕು. ಸೂಜಿ ಇಲ್ಲ, ವಿಕಿರಣ ಇಲ್ಲ, ಶಬ್ದದ ಅಲೆಗಳಿಂದ ಬಡಿಯುವ ಹೃದಯವನ್ನೇ ನೋಡುವುದು. ಸ್ವೀಡನ್‌ನಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಇದನ್ನು ಮೊದಲು ಮಾಡಿದ್ದು 1953ರಲ್ಲಿ. ಆಗ ಬಾಬಾಸಾಹೇಬರು ಬದುಕಿದ್ದರು, ಸಕ್ಕರೆ ಕಾಯಿಲೆಯಿಂದ ಬಳಲುತ್ತಿದ್ದರು. ಎಪ್ಪತ್ತು ವರ್ಷ ದಾಟಿದರೂ ನಮ್ಮ ಕೇರಿಯ ಮುದುಕಿಗೆ ಎಕೋ ಅಂದ್ರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಇಲ್ಲಾ ಮಿರಜದ ಬಸ್ಸು, ಜೊತೆಗೆ ಬರುವ ಮಗನ ಒಂದು ದಿನದ ಕೂಲಿ.

ಬಸ್ಸು ಹತ್ತಿ ಹೋದ ಮೇಲೂ ಕಥೆ ಮುಗಿಯಲ್ಲ. ನಮ್ಮ ಅತ್ತಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕೋ ಮಾಡಿಸಿದಳು. "ಪಂಪಿಂಗ್ 60 ಐತಿ, ಹೃದಯ ಚಲೋ ಐತಿ" ಅಂತ ಎರಡು ನಿಮಿಷದಲ್ಲಿ ಕಳಿಸಿದರು. ಆಕೆಯ ಕಾಲಿನ ಬಾವು ಮಾತ್ರ ಇಳಿಯಲಿಲ್ಲ. ಈ ಪಂಪಿಂಗ್ ಅಂದ್ರೆ ಪ್ರತಿ ಬಡಿತಕ್ಕೆ ಹೃದಯದ ಎಡಕೋಣೆ ತನ್ನಲ್ಲಿರುವ ರಕ್ತದ ನೂರಕ್ಕೆ ಎಷ್ಟು ಪಾಲು ಹೊರಹಾಕತೈತಿ ಅನ್ನೋದು. 40 ಅಥವಾ ಅದಕ್ಕಿಂತ ಕೆಳಗಿದ್ದರೆ ಎಲ್ಲರೂ ಎಚ್ಚರ ಆಗ್ತಾರೆ. ಆದರೆ 50ರ ಮೇಲಿದ್ದೂ ಹೃದಯ ಸೋಲಬಹುದು. ಹಳೇ ಕಾಲದ ಚರ್ಮದ ಮಟ್ಟಿ ನೆನಪು ಮಾಡ್ಕೊಳ್ರಿ, ನಮ್ಮ ಹಿರಿಯರೇ ಹೊಲಿದು ಕೊಟ್ಟದ್ದು. ಚರ್ಮ ಒಣಗಿ ಗಡಸಾದರೆ ಬಾವಿಗೆ ಎಷ್ಟು ಸಲ ಬಿಟ್ಟರೂ ಅದು ಅರಳಲ್ಲ, ನೀರು ತುಂಬಲ್ಲ. ತುಂಬಿದಷ್ಟನ್ನು ಮಾತ್ರ ಸರಿಯಾಗೇ ಸುರಿಯತೈತಿ. ಶುಗರ್, ಬಿಪಿ, ಕಿಡ್ನಿ ತೊಂದರೆ ಕೂಡಿ ಇದ್ದವರಲ್ಲಿ, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ, ಹೃದಯ ಹೀಗೆ ಗಡಸಾಗುವುದು ಹೆಚ್ಚು. ಒಂದು ನಂಬರ್ ಓದಿದರೆ ಇದು ಕಾಣಲ್ಲ. ಎಡ ಹೃತ್ಕರ್ಣ ಹಿಗ್ಗಿದೆಯಾ, ಡಾಪ್ಲರ್‌ನಲ್ಲಿ ಒಳಗಿನ ಒತ್ತಡ ಎಷ್ಟಿದೆ ಅಂತ ನೋಡಬೇಕು. ರಕ್ತದಲ್ಲಿ ಬಿಎನ್‌ಪಿ ಪರೀಕ್ಷೆ ಮಾಡಬೇಕು. ಅದೂ ಕಿಡ್ನಿ ಕೆಟ್ಟವರಲ್ಲಿ ಏರಿ ಕಾಣತೈತಿ, ದಪ್ಪ ಇದ್ದವರಲ್ಲಿ ಇಳಿದು ಕಾಣತೈತಿ. ಅಂದ್ರೆ ನಾಲ್ಕು ರೋಗ ಇದ್ದ ಮನುಷ್ಯರನ್ನ ನಾಲ್ಕು ತುಂಡು ಮಾಡಿ ನಾಲ್ಕು ಕೌಂಟರಿಗೆ ಕಳಿಸಿದರೆ ಉತ್ತರ ಸಿಗಲ್ಲ.

ಇನ್ನೊಂದು, ಸಂಧಿವಾತ ಜ್ವರದಿಂದ ಕವಾಟ ಕೆಡುವ ರೋಗ. ಒಂದೇ ಕೋಣೆಯಲ್ಲಿ ಏಳು ಮಂದಿ ಮಲಗುವ ಮನೆಗಳ ರೋಗ ಅದು. ಚಿಕ್ಕಂದಿನ ಗಂಟಲು ನೋವು, ಕೀಲು ನೋವು ನಲವತ್ತಕ್ಕೆ ದಮ್ಮಾಗಿ ಬರತೈತಿ. ಎಕೋದಲ್ಲಿ ಬೇಗ ಸಿಕ್ಕರೆ ಮೂರ್ನಾಲ್ಕು ವಾರಕ್ಕೊಂದು ಪೆನ್ಸಿಲಿನ್ ಇಂಜೆಕ್ಷನ್ನಿನಿಂದ ರೋಗ ಮುಂದುವರಿಯದಂತೆ ತಡೆಯಬಹುದು.

"ಪತ್ತೆ ಮಾಡಿ ಏನು ಮಾಡ್ತೀರಿ, ಬಡವರಿಗೆ ಔಷಧಿ ಎಲ್ಲಿ?" ಅಂತ ಕೇಳೋರಿದ್ದಾರೆ. ಈ ಮಾತು ಈಗ ನಡೆಯಲ್ಲ. ಶುಗರ್ ಗುಳಿಗೆ ಅಂತ ಬಂದ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎರಡೂ ಬಗೆಯ ಹೃದಯ ವೈಫಲ್ಯಕ್ಕೂ ಕಿಡ್ನಿಗೂ ಉಪಕಾರಿ ಅಂತ ಸಿದ್ಧ ಆಗೇತಿ. ಮೊದಲನೆಯದರ ಪೇಟೆಂಟ್ ಇಲ್ಲಿ 2020ರಲ್ಲಿ, ಎರಡನೆಯದರದ್ದು 2025ರ ಮಾರ್ಚ್‌ನಲ್ಲಿ ಮುಗಿದು ಬೆಲೆ ಬಿದ್ದೈತಿ. (ವೈದ್ಯರನ್ನು ಕೇಳದೆ ನುಂಗಬ್ಯಾಡ್ರಿ, ಕಿಡ್ನಿ ನೋಡಿಯೇ ಕೊಡಬೇಕು.)

ನಾನು ಎಲ್ಲರಿಗೂ ಎಕೋ ಮಾಡ್ರಿ ಅನ್ನೋದಿಲ್ಲ. ಬ್ಯಾನರ್ ಕಟ್ಟಿ ಒಂದು ದಿನದ ಉಚಿತ ಶಿಬಿರ ಮಾಡಿ ಫೋಟೋ ತೆಗೆಸಿಕೊಳ್ಳೋದೂ ಬ್ಯಾಡ. ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೆ ಬಂದು ಶುಗರ್, ಬಿಪಿ ನೋಡುವಾಗ ಮೂರು ಪ್ರಶ್ನೆ ಹೆಚ್ಚು ಕೇಳಲಿ: ಮಲಗಿದ್ರೆ ದಮ್ಮು ಬರತೈತಾ, ಕಾಲು ಬಾಯತಾವಾ, ನಾಲ್ಕು ದಿನದಾಗ ತೂಕ ಏರಿತಾ? ಹೌದು ಅಂದವರಿಗೆ ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ಗೊತ್ತುಪಡಿಸಿದ ಎಕೋ ದಿನ ಇರಲಿ. ಆಯುಷ್ಮಾನ್ ಕಾರ್ಡು ದಾಖಲಾದವರಿಗೆ ಆಸರೆ. ಹೊರಗಿನಿಂದ ಬಂದು ಎಕೋ ಮಾಡಿಸೋರು ಖಾಸಗಿಯಲ್ಲಿ ಕೈಯಿಂದಲೇ ಕೊಡಬೇಕು.

ರೊಕ್ಕ ಎಲ್ಲಿ ಅಂತೀರಾ? 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಐತಿ. ಹೋರಾಡಿ 2023ರಲ್ಲಿ 7ಡಿ ತೆಗೆಸಿದೆವು. ಅದೇ 2023-24ರಲ್ಲಿ ನಮ್ಮ ಪಾಲಿನ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿಗಳ ಲೆಕ್ಕಕ್ಕೆ ಹೋಯಿತು. ಅದರ ಮುಂದೆ ನಾಲ್ಕು ಎಕೋ ಯಂತ್ರ, ನಾಲ್ಕು ತರಬೇತಿ ಪಡೆದ ಕೈ ಎಷ್ಟರ ಮಾತು?

ಮೊದಲ ಕೆಲಸ, ನಾಲ್ಕೂ ತಾಲೂಕಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ: ಹೋದ ವರ್ಷ ಎಕೋಗೆ ಅಂತ ಹೊರಗೆ ಎಷ್ಟು ಮಂದಿಗೆ ಚೀಟಿ ಬರೆದಿರಿ, ಅದರಲ್ಲಿ ಎಷ್ಟು ಮಂದಿ ರಿಪೋರ್ಟ್ ಹಿಡಕೊಂಡು ವಾಪಸ್ ಬಂದರು? ಅರ್ಜಿ ನಮೂನೆ ತಯಾರೈತಿ, ಬೇಕಾದವರು ಇನ್‌ಬಾಕ್ಸಿಗೆ ಬರ್ರಿ.