‘ದಡ್ಡ’ ಎಂಬ ಪದವನ್ನೂ ಜೋಳಿಗೆಗೆ ಹಾಕೋಣ

ಹುಟ್ಟಿನಿಂದ ಯಾರೂ ಕೀಳಲ್ಲ ಎಂದು ಸಾರಿದ ಬಸವಣ್ಣನವರ ಐಕ್ಯಸ್ಥಳ ನಮ್ಮ ಹುನಗುಂದ ಸೀಮೆಯಲ್ಲಿದೆ. ಅದೇ ನೆಲದಲ್ಲಿ ಮಕ್ಕಳ ನಡುವೆ ಇನ್ನೊಂದು ಮೇಲು-ಕೀಳು ಬೆಳೆದಿದೆ. ಮಗ್ಗಿ ಒಪ್ಪಿಸಿದವನು ಜಾಣ, ತಡವರಿಸಿದವಳು ದಡ್ಡಿ. ಒಮ್ಮೆ ಬಿದ್ದ ಈ ಮುದ್ರೆ ಜಾತಿಯ ಮುದ್ರೆಯಂತೆಯೇ ಅಳಿಯದು.

‘ಅದರ ಹಣ್ಯಾಗ ಬರದಿಲ್ರೀ’ ಎಂದು ತಂದೆ-ತಾಯಿ ನಿಟ್ಟುಸಿರು ಬಿಡುವುದನ್ನು ಬಾದಾಮಿಯಲ್ಲೂ ಇಳಕಲ್ಲಿನಲ್ಲೂ ಕೇಳಿದ್ದೇನೆ. ಕೆಲವರು ಪಂಚಾಂಗ ನೋಡಿಸಿ ತಾಯಿತ ಕಟ್ಟಿಸುತ್ತಾರೆ. ಕೊರಳಲ್ಲಿ ಇಷ್ಟಲಿಂಗ, ಮಗುವಿನ ತೋಳಲ್ಲಿ ತಾಯಿತ! ಹಣೆಬರಹವನ್ನು ಶರಣರು ಒಪ್ಪಲಿಲ್ಲ. ನಾವೇಕೆ ಒಪ್ಪಬೇಕು?

ಮಾತು, ಆಟ, ಮನೆಗೆಲಸ ಎಲ್ಲದರಲ್ಲೂ ಚುರುಕಾಗಿರುವ ಮಗುವೊಂದು ಲೆಕ್ಕದಲ್ಲಿ ಮಾತ್ರ ಎಡವಬಹುದು. 17ನ್ನು 71 ಎಂದು ಬರೆಯುತ್ತದೆ, ನಿನ್ನೆ ಬಂದ ಮಗ್ಗಿ ಇಂದು ಮರೆಯುತ್ತದೆ, ಎಂಟು ದೊಡ್ಡದೋ ಆರು ದೊಡ್ಡದೋ ಎಂದರೆ ಬೆರಳು ಎಣಿಸುತ್ತದೆ. ಇದಕ್ಕೆ ಡಿಸ್ಕ್ಯಾಲ್ಕುಲಿಯಾ ಎನ್ನುತ್ತಾರೆ. ಇದು ಸೋಮಾರಿತನವಲ್ಲ, ಬುದ್ಧಿಯ ಕೊರತೆಯೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ಕಲಿಕಾ ನ್ಯೂನತೆಗಳಲ್ಲಿ ಹೆಸರಿಸಿದೆ. ಇಂಥ ಮಕ್ಕಳನ್ನು ಬೇಗ ಗುರುತಿಸಿ ನೆರವಾಗುವುದು ಶಾಲೆಯ ಕರ್ತವ್ಯ ಎಂದು ಅದರ 16ನೇ ಕಲಮು ಹೇಳುತ್ತದೆ. ಅಂದರೆ ನಾವು ಕೇಳುವುದು ದಯೆಯನ್ನಲ್ಲ, ಹಕ್ಕನ್ನು.

ಹಾಗೆಂದು ಲೆಕ್ಕ ಬಾರದವರಿಗೆಲ್ಲ ಈ ಹೆಸರು ಹಚ್ಚುವುದೂ ತಪ್ಪು. ಗೋವಾಕ್ಕೋ ಮಂಗಳೂರಿಗೋ ದುಡಿಯಲು ಗುಳೆ ಹೋದ ಮನೆಯ ಮಗು ತಿಂಗಳುಗಟ್ಟಲೆ ಪಾಠ ಕಳೆದುಕೊಂಡಿರುತ್ತದೆ. ಇನ್ನೊಂದಕ್ಕೆ ಕಪ್ಪುಹಲಗೆಯೇ ಕಾಣದು. ಮೊದಲು ಕಣ್ಣು, ಕಿವಿ, ಹಾಜರಿ ನೋಡಬೇಕು. ಆಮೇಲೆ ತಜ್ಞರ ಪರೀಕ್ಷೆ.

ಕಲಿಸುವ ದಾರಿ ಕಠಿಣವೇನಲ್ಲ. ಇಳಕಲ್ ಸೀರೆಯಲ್ಲಿ ಒಡಲಿಗೂ ಸೆರಗಿಗೂ ಕೊಂಡಿ ಹಾಕುತ್ತಾರೆ. ಕೊಂಡಿ ತಪ್ಪಿದರೆ ಸೆರಗು ನಿಲ್ಲದು. ಕೈಗೆ ಸಿಗುವ ವಸ್ತುವಿಗೂ ಹಾಳೆಯ ಅಂಕಿಗೂ ಅಂಥದೇ ಕೊಂಡಿ ಬೇಕು. ಹತ್ತು ಜೋಳದ ದಂಟಿನ ಒಂದು ಕಟ್ಟು, ಬಿಡಿಯಾಗಿ ಮೂರು ದಂಟು: ಹದಿಮೂರು. ‘ಒಂಬತ್ತು’, ‘ತೊಂಬತ್ತು’ ಕಿವಿಗೆ ಒಂದೇ ಥರ ಕೇಳುವುದರಿಂದ ಕಟ್ಟುಗಳನ್ನು ಎದುರಿಗಿಟ್ಟೇ ಹೇಳಿಸಬೇಕು. ಏಳಾರಲಿ ಎಷ್ಟು ಎಂಬುದು ಮರೆತರೆ ಏಳೈದಲಿ ಮೂವತ್ತೈದಕ್ಕೆ ಏಳು ಕೂಡಿಸಲು ತೋರಿಸಬೇಕು. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ತಪ್ಪಬಾರದು. ಬಡಿಗೆ ಬೇಡ. ಹೆದರಿದ ಮನಸ್ಸಿನಲ್ಲಿ ಅಂಕಿ ನಿಲ್ಲುವುದಿಲ್ಲ.

ಆಯ್ದಕ್ಕಿ ಲಕ್ಕಮ್ಮ ಗಂಡ ತಂದ ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದಳು. ಎಷ್ಟು ಬೇಕು, ಎಷ್ಟು ಹೆಚ್ಚು ಎಂಬ ಅರಿವೇ ಲೆಕ್ಕದ ಬೇರು. ಅದು ಪಡಸಾಲೆಯಲ್ಲಿ, ಸಂತೆಯಲ್ಲಿ, ದಾಸೋಹದ ಉಗ್ರಾಣದಲ್ಲಿ ಕಲಿಯುವಂಥದು.

ನಮ್ಮ ಮಠಗಳಿಗೆ ನನ್ನ ಬಿನ್ನಹ ಇಷ್ಟೆ. ಪ್ರಸಾದ ನಿಲಯಗಳಲ್ಲಿ ಸಂಜೆ ಒಂದು ಹೊತ್ತು ಇಂಥ ಮಕ್ಕಳಿಗೆ ಮೀಸಲಿಡಿ. ಪಾಲಕರು ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು ಕಾಣಲಿ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ಜ್ಞಾನದಾಸೋಹವೆಂದರೆ ಜಾಣರಿಗೆ ಬಹುಮಾನ ಹಂಚುವುದಷ್ಟೇ ಅಲ್ಲ, ಪಂಕ್ತಿಯ ಕೊನೆಯಲ್ಲಿ ಕುಳಿತವನಿಗೂ ಬಡಿಸುವುದು.

ಇಳಕಲ್ಲಿನ ಮಹಾಂತಪ್ಪಗಳು ಊರೂರು ತಿರುಗಿ ಜೋಳಿಗೆ ಹಿಡಿದು ದುಶ್ಚಟಗಳ ಭಿಕ್ಷೆ ಬೇಡಿದರು. ಮಗುವನ್ನು ‘ದಡ್ಡ’ ಎನ್ನುವುದೂ ಒಂದು ದುಶ್ಚಟವೇ. ಪಾಲಕರೇ, ಶಿಕ್ಷಕರೇ, ಅದನ್ನೂ ಆ ಜೋಳಿಗೆಗೆ ಹಾಕಿಬಿಡೋಣ.