ಸಬ್ಯಾಥಿಯಾ ಟ್ರೇಡು: ಗೆದ್ದವರು ಯಾರು?

ಬೇಸ್‌ಬಾಲ್ ಬಗ್ಗೆ ಕನ್ನಡದಲ್ಲಿ ಬರೆದರೆ ಓದೋರು ಯಾರು ಅಂತ ನೀವು ಕೇಳಬಹುದು. ಕೇಳಿ, ತೊಂದರೆ ಇಲ್ಲ :-) ಕ್ರಿಕೆಟ್ ಬಿಟ್ಟು ಬೇರೆ ಆಟದ ಮಾತೆತ್ತಿದರೆ ನಮ್ಮವರು ಮೆಲ್ಲಗೆ ಜಾಗ ಖಾಲಿ ಮಾಡ್ತಾರೆ ಅನ್ನೋದು ಗೊತ್ತಿದ್ದೂ ಬರೀತಿದ್ದೀನಿ. ಯಾಕಂದ್ರೆ ಇಲ್ಲಿರೋದು ಆಟದ ನಿಯಮಗಳ ಪಾಠ ಅಲ್ಲ, ಒಂದು ಲೆಕ್ಕದ ಜಗಳ.

ನಮ್ಮ ಐಪಿಎಲ್‌ನಲ್ಲೂ ಟ್ರೇಡ್ ಉಂಟು. 2023ರ ನವೆಂಬರ್‌ನಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತ್ ತಂಡದಿಂದ ಮುಂಬೈಗೆ ವಾಪಸ್ ಹೋದದ್ದು ನೆನಪಿರಬೇಕು. ಆದರೆ ಅದು ದುಡ್ಡಿನ ವ್ಯವಹಾರ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಹೆಚ್ಚಾಗಿ ನಡೆಯೋದು ಆಟಗಾರನಿಗೆ ಬದಲಾಗಿ ಆಟಗಾರರು. ಅದರಲ್ಲೂ ಒಂದು ಖಾಯಂ ನಮೂನೆ ಇದೆ. ಈ ವರ್ಷ ಗೆಲ್ಲಲೇಬೇಕು ಅನ್ನೋ ತಂಡ ಒಬ್ಬ ದೊಡ್ಡ ಪಿಚರ್‌ನನ್ನು ತಗೊಳ್ಳುತ್ತೆ. ಈ ವರ್ಷ ಮುಗೀತು ಅಂತ ಕೈಚೆಲ್ಲಿದ ತಂಡ ಅವನನ್ನು ಕೊಟ್ಟು, ಮೈನರ್ ಲೀಗ್‌ನಲ್ಲಿ ಆಡ್ತಿರೋ ಮೂರ್ನಾಲ್ಕು ಹುಡುಗರನ್ನು ತಗೊಳ್ಳುತ್ತೆ. ಈ ಹುಡುಗರಿಗೆ ಪ್ರಾಸ್ಪೆಕ್ಟ್ ಅಂತ ಹೆಸರು. ಹಾಲು ಕರೆಯೋ ಹಸು ಕೊಟ್ಟು ನಾಲ್ಕು ಕರು ಹೊಡ್ಕೊಂಡು ಬಂದ ಹಾಗೆ. ಕರು ಬೆಳೆದು ಹಾಲು ಕೊಡುತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ. ಕೊಟ್ಟರೆ ಮಾತ್ರ ಲಾಭ ದೊಡ್ಡದು: ಮೇಜರ್ ಲೀಗ್‌ಗೆ ಬಂದ ಮೇಲೆ ಸುಮಾರು ಆರು ವರ್ಷ ಆ ಹುಡುಗ ತಂಡದ ಹಿಡಿತದಲ್ಲೇ ಇರ್ತಾನೆ, ಸಂಬಳವೂ ಕಮ್ಮಿ.

ಈಗ ವಿಷಯಕ್ಕೆ ಬರ್ತೀನಿ. 2008ರ ಜುಲೈ 7ರಂದು ಕ್ಲೀವ್‌ಲ್ಯಾಂಡ್ ತಂಡ ತನ್ನ ಎಡಗೈ ಪಿಚರ್ ಸಿ.ಸಿ. ಸಬ್ಯಾಥಿಯಾನನ್ನು ಮಿಲ್ವಾಕೀ ಬ್ರೂವರ್ಸ್‌ಗೆ ಕೊಟ್ಟಿತು. ಹಿಂದಿನ ವರ್ಷವಷ್ಟೇ ಅಮೆರಿಕನ್ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ ಗೆದ್ದವನು. ಒಪ್ಪಂದ ಮುಗಿಯೋಕೆ ಮೂರು ತಿಂಗಳಿತ್ತು, ಆಮೇಲೆ ಯಾರು ಹೆಚ್ಚು ದುಡ್ಡು ಕೊಡ್ತಾರೋ ಅಲ್ಲಿಗೆ ಹೊರಟುಹೋಗ್ತಾನೆ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಅಂದ್ರೆ ಮಿಲ್ವಾಕೀ ಕೊಂಡಿದ್ದು ಮೂರು ತಿಂಗಳ ಬಾಡಿಗೆ ಪಿಚರ್‌ನನ್ನ. ಬದಲಿಗೆ ಕೊಟ್ಟಿದ್ದು ಮ್ಯಾಟ್ ಲಪೋರ್ಟಾ, ಜ್ಯಾಕ್ ಜ್ಯಾಕ್ಸನ್, ರಾಬ್ ಬ್ರೈಸನ್, ಜೊತೆಗೆ 'ಹೆಸರು ಆಮೇಲೆ ಹೇಳ್ತೀವಿ' ಅನ್ನೋ ಇನ್ನೊಬ್ಬ. ತಮಾಷೆ ಅಲ್ಲ, ಬೇಸ್‌ಬಾಲ್‌ನಲ್ಲಿ ಹೀಗೆ ಹೆಸರಿಲ್ಲದ ಆಟಗಾರನನ್ನೂ ಕೊಡಬಹುದು! ಅವತ್ತು ಎಲ್ಲರ ಕಣ್ಣು ಲಪೋರ್ಟಾ ಮೇಲೆ. 2007ರ ಡ್ರಾಫ್ಟ್‌ನಲ್ಲಿ ಏಳನೆಯವನಾಗಿ ಆಯ್ಕೆಯಾಗಿದ್ದ, ಚೆಂಡನ್ನು ಮೈದಾನದಾಚೆ ಅಟ್ಟೋ ಹುಡುಗ.

ಮುಂದಿನ ಮೂರು ತಿಂಗಳು ಸಬ್ಯಾಥಿಯಾ ಮಾಡಿದ್ದನ್ನ ಈಗ ಓದಿದ್ರೂ ನಂಬೋಕೆ ಕಷ್ಟ. 17 ಪಂದ್ಯ ಶುರು ಮಾಡಿದ, 11 ಗೆದ್ದ, ಎರಡೇ ಸೋತ. ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್ ಸರಾಸರಿ 1.65. ಏಳು ಪಂದ್ಯಗಳನ್ನ ಮೊದಲಿಂದ ಕೊನೇವರೆಗೂ ಒಬ್ಬನೇ ಎಸೆದು ಮುಗಿಸಿದ. ಕೊನೆ ಕೊನೆಗೆ, ಮಾಮೂಲಾಗಿ ಸಿಗೋ ನಾಲ್ಕು ದಿನದ ವಿಶ್ರಾಂತಿ ಬಿಟ್ಟು ಮೂರೇ ದಿನಕ್ಕೆ ಮತ್ತೆ ಕಣಕ್ಕಿಳಿದ, ಅದೂ ಸತತ ಮೂರು ಸಲ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಇನ್ನೆರಡು ತಿಂಗಳಲ್ಲಿ ಅವನ ಜೀವಮಾನದ ಒಪ್ಪಂದ ಬರೋದಿತ್ತು. ಭುಜ ಕೈಕೊಟ್ಟಿದ್ರೆ ಹತ್ತಾರು ಕೋಟಿ ಡಾಲರ್ ಹೋಗ್ತಿತ್ತು. ಬಾಡಿಗೆ ಮನೆಗೆ ಯಾರಾದ್ರೂ ಹಾಗೆ ಸುಣ್ಣ ಬಣ್ಣ ಹೊಡೆಸ್ತಾರಾ?

ಸೆಪ್ಟೆಂಬರ್ 28, ಲೀಗಿನ ಕಡೇ ದಿನ. ಉಳಿದಿದ್ದ ಒಂದೇ ಪ್ಲೇಆಫ್ ಜಾಗಕ್ಕೆ ಮಿಲ್ವಾಕೀ ಮತ್ತು ನ್ಯೂಯಾರ್ಕ್ ಮೆಟ್ಸ್ ಸಮಸಮ. ಸಬ್ಯಾಥಿಯಾ ಶಿಕಾಗೋ ಕಬ್ಸ್ ವಿರುದ್ಧ ಇಡೀ ಪಂದ್ಯ ಎಸೆದ, ಎಂಟನೇ ಇನ್ನಿಂಗ್ಸ್‌ನಲ್ಲಿ ರಯಾನ್ ಬ್ರಾನ್ ಎರಡು ರನ್‌ನ ಹೋಂ ರನ್ ಹೊಡೆದ, 3-1. ಅತ್ತ ಮೆಟ್ಸ್ ಸೋತಿತು. ಮಿಲ್ವಾಕೀ 90 ಗೆಲುವು, ಮೆಟ್ಸ್ 89. 1982ರ ನಂತರ, ಅಂದ್ರೆ 26 ವರ್ಷ ಆದ ಮೇಲೆ, ಆ ಊರು ಪ್ಲೇಆಫ್ ಕಂಡಿತು.

ಇನ್ನು ಕರುಗಳ ಕಥೆ. ಲಪೋರ್ಟಾ ನಾಲ್ಕು ಸೀಸನ್‌ನಲ್ಲಿ 31 ಹೋಂ ರನ್ ಹೊಡೆದು, .238 ಸರಾಸರಿಯಲ್ಲಿ ಮರೆಯಾದ. ಬ್ರೈಸನ್ ಮೇಜರ್ ಲೀಗ್ ಮುಟ್ಟಲೇ ಇಲ್ಲ. ಜ್ಯಾಕ್ಸನ್ ಬಂದ, ಹೋದ. ಆದರೆ ಹೆಸರಿಲ್ಲದ ಆ ನಾಲ್ಕನೆಯವನು ಮೈಕಲ್ ಬ್ರ್ಯಾಂಟ್ಲಿ! 2018ರವರೆಗೂ ಕ್ಲೀವ್‌ಲ್ಯಾಂಡ್‌ಗೆ ಆಡಿದ. 2014ರಲ್ಲಿ .327 ಸರಾಸರಿ, 200 ಹಿಟ್, 20 ಹೋಂ ರನ್. ಅಮೆರಿಕನ್ ಲೀಗಿನ ಅತ್ಯಮೂಲ್ಯ ಆಟಗಾರನ ಆಯ್ಕೆಯಲ್ಲಿ ಮೂರನೇ ಸ್ಥಾನ. ಮಜಾ ಏನಂದ್ರೆ, ಮಿಲ್ವಾಕೀ ಪ್ಲೇಆಫ್ ತಲುಪಿದ್ರೆ ಮಾತ್ರ ನಾಲ್ಕನೆಯವನನ್ನ ಆರಿಸೋ ಹಕ್ಕು ಕ್ಲೀವ್‌ಲ್ಯಾಂಡ್‌ಗೆ ಅಂತ ಒಪ್ಪಂದದಲ್ಲಿತ್ತು. ಸಬ್ಯಾಥಿಯಾ ಅಷ್ಟು ಚೆನ್ನಾಗಿ ಎಸೆದಿದ್ದಕ್ಕೇ ಬ್ರ್ಯಾಂಟ್ಲಿ ಕ್ಲೀವ್‌ಲ್ಯಾಂಡ್‌ಗೆ ಸಿಕ್ಕಿದ ಅಂತಲೂ ಹೇಳಬಹುದು.

ಈಗ ತೀರ್ಪು ಕೊಡೋರು ಮಾಡೋ ಕೆಲಸ ಏನು? ವಾರ್ ಅಂತ ಒಂದು ಅಂಕಿ ಇದೆ. ಸುಲಭವಾಗಿ ಸಿಗೋ ಸಾಧಾರಣ ಬದಲಿ ಆಟಗಾರನಿಗಿಂತ ಇವನಿಂದ ತಂಡಕ್ಕೆ ಎಷ್ಟು ಗೆಲುವು ಹೆಚ್ಚಿಗೆ ಬಂತು ಅನ್ನೋ ಅಂದಾಜು. ಎರಡೂ ಕಡೆಯ ವಾರ್ ಕೂಡಿಸ್ತಾರೆ, ಜಾಸ್ತಿ ಇದ್ದವನು ಗೆದ್ದ ಅಂತಾರೆ. ಹತ್ತು ವರ್ಷ ಆಡಿದವನ ಮೊತ್ತದ ಮುಂದೆ ಮೂರು ತಿಂಗಳು ಆಡಿದವನದ್ದು ಎಲ್ಲಿ ನಿಲ್ಲುತ್ತೆ? ಹಾಗಾಗಿ ಈ ಲೆಕ್ಕದಲ್ಲಿ ಕ್ಲೀವ್‌ಲ್ಯಾಂಡ್ ಗೆದ್ದಾಯ್ತು, ಫೈಲ್ ಕ್ಲೋಸ್.

ನಂಗೆ ಅಂಕಿ ಅಂಶ ಅಂದ್ರೆ ಅಲರ್ಜಿ ಇಲ್ಲ, ಹೊಟ್ಟೆಪಾಡೇ ಅದು. ಆದರೆ ಈ ಕೂಡಿಸೋ ಲೆಕ್ಕ ಎಲ್ಲಾ ಗೆಲುವಿಗೂ ಒಂದೇ ಬೆಲೆ ಕಟ್ಟುತ್ತೆ. ಐದನೇ ಸ್ಥಾನದ ತಂಡ ಆಗಸ್ಟ್‌ನಲ್ಲಿ ಗೆಲ್ಲೋ ಪಂದ್ಯವೂ ಒಂದು ಗೆಲುವು, 89ರಿಂದ 90ಕ್ಕೆ ಏರಿಸೋದೂ ಒಂದು ಗೆಲುವು. ಎಸ್ಸೆಸ್ಸೆಲ್ಸಿ ರಿಸಲ್ಟ್ ತೋರಿಸೋ ಸರ್ವರ್ ವರ್ಷದಲ್ಲಿ 364 ದಿನ ಸರಾಗವಾಗಿ ಓಡಿತು ಅಂದ್ರೆ ಯಾರಾದ್ರೂ ಬೆನ್ನು ತಟ್ತಾರಾ? ಕೇಳೋದು ರಿಸಲ್ಟ್ ದಿನ ಏನಾಯ್ತು ಅಂತ.

ಈ ಲೆಕ್ಕ ಎಷ್ಟು ಸೊಟ್ಟ ಅಂತ ನೋಡೋಕೆ ದೂರ ಹೋಗಬೇಕಿಲ್ಲ, ಅದೇ ವರ್ಷ, ಅದೇ ಜಾಗಕ್ಕೆ ಗುದ್ದಾಡಿದ ಮೆಟ್ಸ್ ಸಾಕು. 2008ರ ಫೆಬ್ರವರಿಯಲ್ಲಿ ಅವರೂ ಒಬ್ಬ ದೊಡ್ಡ ಎಡಗೈ ಪಿಚರ್‌ನನ್ನ ತಂದಿದ್ರು: ಮಿನೆಸೋಟಾ ಟ್ವಿನ್ಸ್‌ನ ಯೋಹಾನ್ ಸಾಂಟಾನಾ. ಕೊಟ್ಟಿದ್ದು ಕಾರ್ಲೋಸ್ ಗೋಮೆಜ್, ಫಿಲಿಪ್ ಹಂಬರ್, ಕೆವಿನ್ ಮಲ್ವೀ, ಡಿಯೋಲಿಸ್ ಗೆರಾ. ನಾಲ್ವರಲ್ಲಿ ಒಬ್ಬನೂ ಮಿನೆಸೋಟಾದಲ್ಲಿ ತಾರೆ ಆಗಲಿಲ್ಲ. ಗೋಮೆಜ್ ಮಿಂಚಿದ್ದು ಆಮೇಲೆ, ಅದೂ ಮಿಲ್ವಾಕೀಯಲ್ಲಿ! ಹಂಬರ್ 2012ರಲ್ಲಿ ಒಬ್ಬ ಬ್ಯಾಟರ್‌ನನ್ನೂ ಬೇಸ್ ಮುಟ್ಟಲು ಬಿಡದ 'ಪರ್ಫೆಕ್ಟ್ ಗೇಮ್' ಎಸೆದ, ಆದರೆ ಶಿಕಾಗೋ ವೈಟ್ ಸಾಕ್ಸ್ ಪರ. ಇತ್ತ ಸಾಂಟಾನಾ 2008ರಲ್ಲಿ 16 ಗೆದ್ದ, ರನ್ ಸರಾಸರಿ 2.53. ಕೂಡಿಸೋ ಲೆಕ್ಕದಲ್ಲಿ ಮೆಟ್ಸ್‌ಗೆ ಭರ್ಜರಿ ಜಯ, ಮಿಲ್ವಾಕೀಗೆ ಸೋಲು.

ಆದರೆ ಸೆಪ್ಟೆಂಬರ್ 28ರ ಸಂಜೆ ಮನೆಗೆ ಹೋದವರು ಮೆಟ್ಸ್. ಹಿಂದಿನ ದಿನ ಸಾಂಟಾನಾ ಮಂಡಿಯ ಕಾರ್ಟಿಲೇಜ್ ಹರಿದಿದ್ರೂ, ಮೂರೇ ದಿನದ ವಿಶ್ರಾಂತಿಯಲ್ಲಿ ಬಂದು, ಒಂದು ರನ್ನೂ ಕೊಡದೆ ಇಡೀ ಪಂದ್ಯ ಎಸೆದಿದ್ದ. ಅವನ ತಪ್ಪು ಎಳ್ಳಷ್ಟೂ ಇಲ್ಲ. ಆದ್ರೂ ಅವನಿದ್ದಷ್ಟು ವರ್ಷ ಮೆಟ್ಸ್ ಒಮ್ಮೆಯೂ ಪ್ಲೇಆಫ್ ತಲುಪಲಿಲ್ಲ. ಯಾವುದಕ್ಕೆ ಅಂತ ತಂದ್ರೋ ಅದು ಆಗಲಿಲ್ಲ.

'ಮಿಲ್ವಾಕೀ ತಾನೇ ಏನು ಕಡಿದು ಕಟ್ಟೆ ಹಾಕಿತು, ಮೊದಲ ಸುತ್ತಲ್ಲೇ ಸೋತಿತಲ್ಲ' ಅಂತ ಕೇಳ್ತೀರಿ. ನಿಜ. ಫಿಲಡೆಲ್ಫಿಯಾ ವಿರುದ್ಧ 3-1ರಲ್ಲಿ ಸೋತರು, ಸುಸ್ತಾಗಿದ್ದ ಸಬ್ಯಾಥಿಯಾಗೆ ಶೇನ್ ವಿಕ್ಟೊರಿನೋ ಎರಡನೇ ಇನ್ನಿಂಗ್ಸ್‌ನಲ್ಲೇ ನಾಲ್ಕು ರನ್‌ನ ಹೋಂ ರನ್ ಹೊಡೆದ. ಆದರೆ ಆ ಫಿಲಡೆಲ್ಫಿಯಾ ಆ ವರ್ಷದ ವರ್ಲ್ಡ್ ಸೀರೀಸ್ ಗೆದ್ದ ತಂಡ. ಇನ್ನು ಕೊಟ್ಟದ್ದರ ಬೆಲೆ ನೋಡಿ. ಲಪೋರ್ಟಾಗೆ ಮಿಲ್ವಾಕೀಯಲ್ಲಿ ಜಾಗವೇ ಇರಲಿಲ್ಲ, ಒಂದು ಕಡೆ ಪ್ರಿನ್ಸ್ ಫೀಲ್ಡರ್, ಇನ್ನೊಂದು ಕಡೆ ಬ್ರಾನ್. ಬ್ರ್ಯಾಂಟ್ಲಿ ಹೋದದ್ದು ನಿಜವಾದ ನಷ್ಟ, ಒಪ್ಪಿಕೊಳ್ಳೋಣ. ಆದರೂ 2011ರಲ್ಲಿ ಅವನಿಲ್ಲದೆಯೇ ಮಿಲ್ವಾಕೀ ತನ್ನ ವಿಭಾಗ ಗೆದ್ದಿತು.

ಅದೃಷ್ಟ ಮಾತ್ರ ಚೂರು ಕೈಕೊಟ್ಟಿತು. ಸಬ್ಯಾಥಿಯಾ ಏಳು ವರ್ಷಕ್ಕೆ 16.1 ಕೋಟಿ ಡಾಲರ್‌ಗೆ ಯಾಂಕೀಸ್ ಸೇರಿದಾಗ, ಪರಿಹಾರವಾಗಿ ಯಾಂಕೀಸ್‌ನ ಮೊದಲ ಸುತ್ತಿನ ಡ್ರಾಫ್ಟ್ ಸರದಿ ಮಿಲ್ವಾಕೀಗೆ ಬರಬೇಕಿತ್ತು. ಅದೇ ಯಾಂಕೀಸ್ ಮಾರ್ಕ್ ಟೆಶೇರಾನನ್ನೂ ಕೊಂಡರು, ಅವನ ಶ್ರೇಯಾಂಕ ಇನ್ನೂ ಮೇಲಿತ್ತು, ಸರದಿ ಏಂಜಲ್ಸ್ ಪಾಲಾಯ್ತು. ಆ 25ನೇ ಸರದಿಯಲ್ಲಿ ಏಂಜಲ್ಸ್ ಆರಿಸಿದ್ದು ಮೈಕ್ ಟ್ರೌಟ್‌ನನ್ನ! ಬೇಸ್‌ಬಾಲ್ ಗೊತ್ತಿಲ್ಲದವರು ಗೊತ್ತಿದ್ದವರನ್ನ ಕೇಳಿ, ಅವರು ಹೊಟ್ಟೆ ಉರ್ಕೊಳ್ತಾರೆ.

ಕ್ಲೀವ್‌ಲ್ಯಾಂಡ್ ಪೆದ್ದು ಕೆಲಸ ಮಾಡಿತು ಅಂತ ನಾನು ಹೇಳ್ತಿಲ್ಲ. ಹೇಗಿದ್ರೂ ಬಿಟ್ಟುಹೋಗೋನನ್ನ ಮೂರು ತಿಂಗಳು ಮೊದಲೇ ಕೊಟ್ಟು ಬ್ರ್ಯಾಂಟ್ಲಿಯಂಥವನನ್ನ ತಂದ್ರೆ ಅದು ಜಾಣತನವೇ. ಪಾಪ, 2016ರಲ್ಲಿ ಆ ತಂಡ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದವರೆಗೂ ಹೋದಾಗ ಅವನು ಭುಜದ ನೋವಿಂದ ಹೊರಗಿದ್ದ, ಆ ವರ್ಷ ಆಡಿದ್ದೇ 11 ಪಂದ್ಯ. ಆದರೆ 'ಇಬ್ಬರೂ ಗೆದ್ದರು' ಅನ್ನೋದು ಪಂಚಾಯ್ತಿ ಮುಗಿಸೋರ ಮಾತು. ಒಂದೇ ಹೆಸರು ಹೇಳು ಅಂದ್ರೆ ನಾನು ಹೇಳೋದು ಮಿಲ್ವಾಕೀ. ಅವರಿಗೆ ಬೇಕಿದ್ದದ್ದು ಒಂದೇ, ಅದು ಸಿಕ್ತು, ಒಂದೇ ಒಂದು ಗೆಲುವಿನ ಅಂತರದಲ್ಲಿ ಸಿಕ್ತು. ಆ ವರ್ಷ ಆ ಸಣ್ಣ ಊರಿನ ಮೈದಾನಕ್ಕೆ ಮೊದಲ ಬಾರಿಗೆ 30 ಲಕ್ಷಕ್ಕೂ ಹೆಚ್ಚು ಜನ ಬಂದ್ರು.

ಮೆಟ್ಸ್ ಅಭಿಮಾನಿಗಳು ಯಾರಾದ್ರೂ ಇದನ್ನ ಓದ್ತಿದ್ರೆ ಜಗಳಕ್ಕೆ ಬರೋದು ಖಂಡಿತ. ಅವರ ಹತ್ರ ಒಂದು ಒಳ್ಳೇ ಉತ್ತರ ಇದೆ: 2012ರ ಜೂನ್ 1. ಭುಜದ ಶಸ್ತ್ರಚಿಕಿತ್ಸೆಯಿಂದ ಇಡೀ 2011 ಕಳೆದುಕೊಂಡಿದ್ದ ಸಾಂಟಾನಾ ಆ ರಾತ್ರಿ 134 ಸಲ ಎಸೆದು ನೋ-ಹಿಟ್ಟರ್ ಮುಗಿಸಿದ, 1962ರಲ್ಲಿ ಹುಟ್ಟಿದ ಆ ತಂಡದ ಇತಿಹಾಸದಲ್ಲೇ ಮೊದಲನೆಯದು. ಪ್ಲೇಆಫ್ ಅಲ್ಲ, ಕಪ್ ಅಲ್ಲ, ಒಂದು ರಾತ್ರಿ ಅಷ್ಟೇ. ಅದನ್ನ ಯಾವ ಕಾಲಂನಲ್ಲಿ ಬರೀತೀರಿ ಅಂತ ಕೇಳಿದ್ರೆ ನನ್ನ ತಕ್ಕಡಿಯೂ ಸ್ವಲ್ಪ ಅಲ್ಲಾಡುತ್ತೆ. ನೀವೇನಂತೀರಿ?