ಗೋವೆಯ ಗೋಲುಗಳು, ಯಲ್ಲಾಪುರದ ಕಾಲುಗಳು

ರಾಂಟಿ ಮಾರ್ಟಿನ್ಸ್ ಎಂಬ ಹೆಸರು ಫುಟ್‌ಬಾಲ್ ಹುಚ್ಚಿನ ಹುಡುಗರಿಗೆ ಗೊತ್ತು. ಅವರ ಅಪ್ಪಂದಿರಿಗೆ ಗೊತ್ತಿರಲಿಕ್ಕಿಲ್ಲ. ಪಶ್ಚಿಮ ಆಫ್ರಿಕದ ನೈಜೀರಿಯಾದಿಂದ ೨೦೦೪ರಲ್ಲಿ ಗೋವೆಯ ಡೆಂಪೊ ಕ್ಲಬ್ಬಿಗೆ ಬಂದಿಳಿದಾಗ ಆತ ಇನ್ನೂ ಇಪ್ಪತ್ತು ತುಂಬದ ಹುಡುಗ. ಮುಂದಿನ ಎಂಟು ವರ್ಷ ಅಲ್ಲೇ ಆಡಿದ. ಅರ್ಮಾಂಡೊ ಕೊಲಾಸೊ ಅವರ ತರಬೇತಿಯಲ್ಲಿ ಡೆಂಪೊ ಮತ್ತೆ ಮತ್ತೆ ರಾಷ್ಟ್ರದ ಚಾಂಪಿಯನ್ ಆದ ಕಾಲ ಅದು. ೨೦೧೧-೧೨ರ ಐ-ಲೀಗ್‌ನಲ್ಲಿ ಆತನೊಬ್ಬನೇ ಹೊಡೆದದ್ದು ೩೨ ಗೋಲು! ಆಮೇಲೆ ಕೋಲ್ಕತ್ತದ ಪ್ರಯಾಗ್ ಯುನೈಟೆಡ್, ಶಿಲ್ಲಾಂಗಿನ ರಂಗ್ದಾಜೀಡ್, ಮತ್ತೆ ಕೋಲ್ಕತ್ತದ ಈಸ್ಟ್ ಬೆಂಗಾಲ್. ಭಾರತದ ಅಗ್ರ ಲೀಗಿನಲ್ಲಿ ಆತನ ಒಟ್ಟು ಗೋಲು ೨೦೦ಕ್ಕೂ ಹೆಚ್ಚು.

ಓದುವುದಕ್ಕೆ ಇದು ಸೊಗಸಾದ ಕಥೆ. ಆದರೆ ಒಳಗಿನ ಲೆಕ್ಕ ಬೇರೆ. ಒಂದು ತಂಡದಲ್ಲಿ ವಿದೇಶಿಯರಿಗೆ ಇರುವುದು ಬೆರಳೆಣಿಕೆಯ ಜಾಗ. ಒಪ್ಪಂದ ಸಾಮಾನ್ಯವಾಗಿ ಒಂದೆರಡು ಹಂಗಾಮಿನದು. ಗೋಲು ಬಂದರೆ ಉಳಿದ, ಬಾರದಿದ್ದರೆ ಇನ್ನೊಬ್ಬ ಬಂದ. ಮಂಡಿಗೆ ಪೆಟ್ಟಾದರೆ ಊರಿನ ದಾರಿ. ಹೆಸರು ಕೇಳಿಬಂದ ಒಬ್ಬ ರಾಂಟಿಯ ಹಿಂದೆ ಹೆಸರೇ ಕೇಳದೆ ಮರಳಿದವರು ಎಷ್ಟೋ ಮಂದಿ.

ಡೆಂಪೊ ಆಡುತ್ತಿದ್ದ ಮಡಗಾಂವಿಯಿಂದ ಘಟ್ಟ ಹತ್ತಿದರೆ ಅರ್ಧ ದಿನದೊಳಗೆ ಯಲ್ಲಾಪುರ. ಆ ಸುತ್ತಿನ ಕಾಡಂಚಿನ ಹಳ್ಳಿಗಳಲ್ಲಿ, ಅಂಕೋಲಾ, ಹಳಿಯಾಳ, ಮುಂಡಗೋಡ, ಶಿರಸಿ ಕಡೆಯ ಕೆಲವು ಊರುಗಳಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ವಂಶಸ್ಥರು ಇವರಲ್ಲಿ ಬಹಳ ಮಂದಿ. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರಿದ್ದಾರೆ. ಕನ್ನಡ ಎಲ್ಲರಿಗೂ ಬರುತ್ತದೆ. ಹೀಗಿದ್ದೂ ಸಿದ್ದಿ ಹುಡುಗನೊಬ್ಬ ಬೆಂಗಳೂರಿನ ಬಸ್ಸು ಹತ್ತಿದರೆ ಅಕ್ಕಪಕ್ಕದವರು ಇಂಗ್ಲಿಷಿನಲ್ಲಿ ಕೇಳುತ್ತಾರೆ, ಯಾವ ದೇಶ ಎಂದು. ಆತ "ನಮ್ದು ಯಲ್ಲಾಪುರ" ಎಂದರೆ ನಂಬುವವರು ಕಡಿಮೆ.

ಈ ಮೈಬಣ್ಣ, ಈ ಗುಂಗುರು ಕೂದಲನ್ನು ಕಂಡೇ ಒಂದು ಕಾಲಕ್ಕೆ ಸರ್ಕಾರಕ್ಕೂ ಒಂದು ಆಸೆ ಹುಟ್ಟಿತ್ತು. ೧೯೮೭ರ ಮಾತು. ರಾಜೀವ್ ಗಾಂಧಿ ಮಂತ್ರಿಮಂಡಲದಲ್ಲಿ ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದವರು ಕರ್ನಾಟಕದವರೇ ಆದ ಮಾರ್ಗರೆಟ್ ಆಳ್ವ. ಅಮೆರಿಕದ ಕರಿಯ ಓಟಗಾರರು ಒಲಿಂಪಿಕ್ಸ್ ಪದಕಗಳನ್ನು ಬಾಚುತ್ತಿರುವಾಗ ನಮ್ಮಲ್ಲೇ ಇರುವ ಆಫ್ರಿಕ ಮೂಲದವರನ್ನು ಏಕೆ ತಯಾರು ಮಾಡಬಾರದು? ಭಾರತೀಯ ಕ್ರೀಡಾ ಪ್ರಾಧಿಕಾರದ 'ವಿಶೇಷ ಪ್ರದೇಶ ಕ್ರೀಡಾ ಯೋಜನೆ'ಯಡಿ ಸಿದ್ದಿ ಮಕ್ಕಳನ್ನು ಹುಡುಕುವ ಕೆಲಸ ಶುರುವಾಯಿತು. ಅಧಿಕಾರಿಗಳು ಹಳ್ಳಿಗೆ ಬಂದರು. ಮಕ್ಕಳನ್ನು ಓಡಿಸಿ, ಜಿಗಿಸಿ ನೋಡಿದರು. ಆಯ್ದವರನ್ನು ತರಬೇತಿ ಕೇಂದ್ರಗಳಿಗೆ ಕರೆದೊಯ್ದರು. ಅಲ್ಲಿಯವರೆಗೆ ಕಾಲಿಗೆ ಚಪ್ಪಲಿ ಕಾಣದಿದ್ದ ಮಕ್ಕಳಿಗೆ ಮುಳ್ಳಿನ ಬೂಟು, ಹೊತ್ತುಹೊತ್ತಿಗೆ ಮೊಟ್ಟೆ, ಹಾಲು. ಮನೆಯವರು ಕಣ್ಣೀರಿಟ್ಟೇ ಕಳುಹಿಸಿದರು, ಆದರೂ ಕಳುಹಿಸಿದರು.

ಫಲ ಬರಲಿಲ್ಲವೆಂದೇನೂ ಅಲ್ಲ. ಹರ್ಡಲ್ಸ್‌ನಲ್ಲಿ ಕಮಲಾ ಮಿಂಗೇಲ್ ಸಿದ್ದಿ, ಓಟದಲ್ಲಿ ಜೂಜೆ ಜಾಕಿ ಹರ್ನೋಡಕರ್, ಹೀಗೆ ಕೆಲವರು ಹೆಸರು ಮಾಡಿದರು. ಕ್ರೀಡಾ ಮೀಸಲಿನಲ್ಲಿ ನೌಕರಿ ಹಿಡಿದವರೂ ಇದ್ದಾರೆ. ಆದರೆ ೧೯೯೩ರ ಹೊತ್ತಿಗೆ ಯೋಜನೆಯೇ ನಿಂತುಹೋಯಿತು. ಆರು ವರ್ಷ. ಹತ್ತು ವರ್ಷದ ಮಗುವನ್ನು ಕರೆತಂದರೆ ಹದಿನಾರಕ್ಕೆ ಬರುವಷ್ಟು ಹೊತ್ತು, ಅಂದರೆ ಅಸಲು ಓಟ ಶುರುವಾಗಬೇಕಾದ ವಯಸ್ಸಿಗೆ ಟ್ರ್ಯಾಕಿನಿಂದ ಇಳಿಸಿದ ಹಾಗೆ. ಎಷ್ಟೋ ಮಕ್ಕಳು ಊರಿಗೆ ಮರಳಿದರು. ಮತ್ತದೇ ಅಡಿಕೆ ತೋಟದ ಕೂಲಿ. ಓದೂ ಅರ್ಧ, ಓಟವೂ ಅರ್ಧ.

ಇದೇ ವಿಶೇಷ ಪ್ರದೇಶ ಯೋಜನೆಯಲ್ಲಿ ರಾಜಸ್ಥಾನದ ಬುಡಕಟ್ಟಿನ ಹುಡುಗ ಲಿಂಬಾ ರಾಮ್ ಬಿಲ್ಲುಗಾರನಾಗಿ ಮೂರು ಒಲಿಂಪಿಕ್ಸ್ ಕಂಡ. ೧೯೯೨ರಲ್ಲಿ ಬೀಜಿಂಗ್‌ನಲ್ಲಿ ವಿಶ್ವದಾಖಲೆಯನ್ನು ಸರಿಗಟ್ಟಿದ. ಬಿಲ್ಲು ಅವನ ಜನರ ಕೈಯಲ್ಲಿ ಮೊದಲೇ ಇತ್ತು. ಸಿದ್ದಿ ಮಕ್ಕಳಲ್ಲಿ ನೋಡಿದ್ದು ಅವರು ಏನು ಬಲ್ಲರು ಎಂಬುದನ್ನಲ್ಲ, ಅವರ ಪೂರ್ವಿಕರು ಎಲ್ಲಿಂದ ಬಂದರು ಎಂಬುದನ್ನು.

ಆ ನೋಟದಲ್ಲೂ ತಪ್ಪಿತ್ತು. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಆಫ್ರಿಕ ಒಂದು ಊರಲ್ಲ, ಒಂದು ಖಂಡ. ವಂಶವಾಹಿಗಳ ವೈವಿಧ್ಯ ಜಗತ್ತಿನ ಬೇರಾವ ಖಂಡಕ್ಕಿಂತಲೂ ಅಲ್ಲಿ ಹೆಚ್ಚು. ನೂರು ಮೀಟರಿನಲ್ಲಿ ಮಿಂಚುವ ಜಮೈಕ, ಅಮೆರಿಕದ ಕರಿಯರ ಮೂಲ ಬಹುಪಾಲು ಪಶ್ಚಿಮ ಆಫ್ರಿಕ. ದೂರದ ಓಟದ ಕೀನ್ಯರಲ್ಲಿ ಹೆಚ್ಚಿನವರು ಎತ್ತರದ ಬಯಲಿನ ಕಲೆಂಜಿನ್ ಜನ. ಸಿದ್ದಿಗಳು ಇಬ್ಬರೂ ಅಲ್ಲ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅವರ ಆಫ್ರಿಕನ್ ಪಾಲು ಬಂಟು ಜನರದು. ಅದರ ಜೊತೆ ಭಾರತೀಯ ರಕ್ತವೂ, ಸ್ವಲ್ಪ ಯುರೋಪಿನದೂ ಬೆರೆತಿದೆ. ಮೈಬಣ್ಣ ನೋಡಿ ಪದಕ ಎಣಿಸುವುದೆಂದರೆ ಎಲೆಯ ಹಸಿರು ನೋಡಿ ಅಡಿಕೆಯ ಕೊನೆ ಎಣಿಸಿದ ಹಾಗೆ.

ಜಮೈಕದ ಗುಟ್ಟು ಬೇಕಿದ್ದರೆ ಅದರ ಶಾಲೆಗಳಲ್ಲಿ ಹುಡುಕಬೇಕು. ಅಲ್ಲಿ ೧೯೧೦ರಿಂದ ಪ್ರೌಢಶಾಲೆಗಳ ಅಂತರಶಾಲಾ ಕ್ರೀಡಾಕೂಟ ನಡೆದುಬಂದಿದೆ. ಜನ ಅದನ್ನು 'ಚಾಂಪ್ಸ್' ಎನ್ನುತ್ತಾರೆ. ಶಿರಸಿ ಮಾರಿಕಾಂಬೆಯ ಜಾತ್ರೆಯಂತೆ ಜನ ಕಿಕ್ಕಿರಿಯುತ್ತಾರೆ. ಉಸೇನ್ ಬೋಲ್ಟ್ ಕೂಡ ಶಾಲೆಯ ಬನಿಯನ್ ತೊಟ್ಟು ಅಲ್ಲಿ ಓಡಿದವನೇ. ನೈಜೀರಿಯಾ ಕಿರಿಯರ ವಿಶ್ವಕಪ್ ಫುಟ್‌ಬಾಲನ್ನು ೧೯೮೫ರಿಂದ ಐದು ಸಲ ಗೆದ್ದದ್ದೂ ಹದಿಹರೆಯದವರನ್ನು ಬಿಡದೆ ಆಡಿಸಿದ್ದರಿಂದ. ಅಲ್ಲಿ ಯೋಜನೆ ಆರು ವರ್ಷಕ್ಕೆ ಮುಗಿಯುವುದಿಲ್ಲ.

ಸಿದ್ದಿಗಳೆಂದರೆ ಓಟ ಮಾತ್ರ ಎಂದುಕೊಂಡವರಿಗೆ ಇನ್ನೊಂದು ಸಂಗತಿ. ಸಿದ್ದಾಪುರಕ್ಕೆ ನೆರೆಯಾದ ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ ಬಳಗದ ಚಿದಂಬರರಾವ್ ಜಂಬೆ ಅವರು ಎಂಬತ್ತರ ದಶಕದಲ್ಲಿ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳನ್ನೇ ರಂಗದ ಮೇಲೆ ನಿಲ್ಲಿಸಿದ್ದರು. ಆಡಿಸಿದ ನಾಟಕ 'ಕಪ್ಪು ಜನ ಕೆಂಪು ನೆರಳು'. ಮೂಲ ನೈಜೀರಿಯಾದ ಚಿನುವ ಅಚಿಬೆಯ ಕಾದಂಬರಿ. ಓದಿನ ದಾರಿಯೂ ಮುಚ್ಚಿಲ್ಲ. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಯಲ್ಲಾಪುರ ತಾಲ್ಲೂಕಿನ ಪದವೀಧರ ಶಾಂತಾರಾಮ ಸಿದ್ದಿ ೨೦೨೦ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲ ಸಿದ್ದಿ ಅವರು.

ಓಟವೂ ಮತ್ತೆ ಶುರುವಾಗಿದೆ. ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಮುಂಡಗೋಡ ಭಾಗದಲ್ಲಿ ಸಿದ್ದಿ ಮಕ್ಕಳಿಗೂ ಗೌಳಿ ಮಕ್ಕಳಿಗೂ ಒಟ್ಟಿಗೆ ತರಬೇತಿ ಕೊಡುತ್ತಿದೆ. ಗೌಳಿಗಳಿಗೆ ಆಫ್ರಿಕದ ನಂಟಿಲ್ಲ, ಹಿಂದಿನಿಂದಲೂ ಎಮ್ಮೆ ಕಾಯುವವರು. ಆದರೂ ಅವರ ಹುಡುಗಿಯರು ಚೆನ್ನಾಗಿಯೇ ಓಡುತ್ತಾರೆ.

ಹಾಗಾದರೆ ಶಾಲೆಯ ಮೇಷ್ಟರು ಮನೆಗೆ ಬಂದು "ನಿಮ್ಮ ಹುಡುಗಿ ತಾಲ್ಲೂಕಿಗೇ ಫಸ್ಟು, ಕ್ರೀಡಾ ಹಾಸ್ಟೆಲಿಗೆ ಕಳಿಸಿ" ಎಂದಾಗ ತಾಯಿತಂದೆ ಏನು ಮಾಡಬೇಕು? ಎಸ್ಸೆಸ್ಸೆಲ್ಸಿ ಕೆಡುತ್ತದೆಂದು ಬಾಗಿಲು ಹಾಕುವವರಿದ್ದಾರೆ, ಪುಕ್ಕಟೆ ಊಟವೆಂದು ಹಿಂದೆಮುಂದೆ ನೋಡದೆ ಬಸ್ಸು ಹತ್ತಿಸುವವರೂ ಇದ್ದಾರೆ. ಕೇಳಬೇಕಾದ ಪ್ರಶ್ನೆಗಳನ್ನು ೧೯೯೩ರಲ್ಲಿ ಮರಳಿದ ಮಕ್ಕಳೇ ಕಲಿಸಿಕೊಟ್ಟಿದ್ದಾರೆ. ಹಾಸ್ಟೆಲಿನಿಂದ ಶಾಲೆ ಎಷ್ಟು ದೂರ? ಕನ್ನಡ ಮಾಧ್ಯಮದ ಮಗುವಿಗೆ ಅಲ್ಲಿ ಪಾಠ ಯಾವ ಭಾಷೆಯಲ್ಲಿ? ಕಾಲು ಮುರಿದರೆ ಖರ್ಚು ಯಾರದು, ಹಾಸ್ಟೆಲಿನ ಜಾಗ ಇರುತ್ತದೋ ಹೋಗುತ್ತದೋ? ಯೋಜನೆ ನಡುವೆ ನಿಂತರೆ ಮಗು ಯಾವ ತರಗತಿಯಲ್ಲಿ ಕೂರಬೇಕು? ಇಷ್ಟಕ್ಕೂ ಬರವಣಿಗೆಯಲ್ಲಿ ಉತ್ತರ ಕೇಳಿದರೆ ಯಾವ ಅಧಿಕಾರಿಯೂ ಬೇಸರಪಟ್ಟುಕೊಳ್ಳಬೇಕಾಗಿಲ್ಲ. ರಾಂಟಿಯಂಥ ಆಟಗಾರ ಕೂಡ ಗೋಲಿನ ಮಾತಿಗಿಂತ ಮೊದಲು ಒಪ್ಪಂದದ ಕಾಗದಕ್ಕೆ ಸಹಿ ಹಾಕಿದವನೇ.